ಝೆನ್ ಕಾರಿನ ಟೈಮಿಂಗ್ ಬೆಲ್ಟನ್ನು ನಾನೇ ಬದಲಾಯಿಸಿದ ಬಗೆ

ನಮ್ಮ ಮನೆಯಲ್ಲಿರುವುದು 1998ರ ಮಾರುತಿ ಝೆನ್; 993 ಸಿಸಿಯ, ನಾಲ್ಕು ಸಿಲಿಂಡರಿನ ಕಾರ್ಬ್ಯುರೇಟರ್ ಎಂಜಿನ್. ಈಗಿನ ಹಲವು ಕಾರುಗಳಲ್ಲಿ ವಾಲ್ವುಗಳನ್ನು ತೆರೆದು ಮುಚ್ಚಿಸುವ ಕ್ಯಾಮ್‌ಶಾಫ್ಟನ್ನು, ಪಿಸ್ಟನ್‌ಗಳಿಂದ ತಿರುಗುವ ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸಿ ತಿರುಗಿಸಲು ಚೈನ್ ಇರುತ್ತದೆ, ಈ ಎಂಜಿನ್ನಿನಲ್ಲಿ ಆ ಕೆಲಸ ಮಾಡುವುದು ಹಲ್ಲುಗಳಿರುವ ರಬ್ಬರ್ ಬೆಲ್ಟ್; ಅದೇ ಟೈಮಿಂಗ್ ಬೆಲ್ಟ್. ಚೈನ್ ಸವೆದರೆ ಸಾಮಾನ್ಯವಾಗಿ ಸದ್ದು ಮಾಡುತ್ತದೆ, ಬೆಲ್ಟ್ ಮಾತ್ರ ಬಹಳ ಸಲ ಯಾವ ಸುಳಿವೂ ಕೊಡದೆ ತುಂಡಾಗುತ್ತದೆ. ಕೆಲವು ಎಂಜಿನ್ನುಗಳಲ್ಲಿ ಆಗ ಗಾಡಿ ನಿಲ್ಲುವುದಷ್ಟೇ ತೊಂದರೆ. ಇನ್ನು ಕೆಲವದರಲ್ಲಿ ಮೇಲೆ ಬರುವ ಪಿಸ್ಟನ್ ತೆರೆದಿರುವ ವಾಲ್ವಿಗೆ ಬಡಿದು ವಾಲ್ವ್ ಬಾಗಿ, ಎಂಜಿನ್ನಿನ ಮೇಲ್ಭಾಗವಾದ ಹೆಡ್ ಬಿಚ್ಚಬೇಕಾಗುತ್ತದೆ. ಯಾವ ಎಂಜಿನ್ನಾದರೂ ಎರಡನೆಯ ಬಗೆಯದೆಂದೇ ಭಾವಿಸಿ ಕೈಹಾಕುವುದು ಕ್ಷೇಮ ಎಂದು ನನ್ನ ಅಭಿಪ್ರಾಯ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಕ್ಯಾಮ್ ಮತ್ತು ಕ್ರ್ಯಾಂಕಿನ ಬಳಿ ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲ್‌ಗಳು ಹಾಗೂ ವಾಲ್ವ್ ಕವರಿನ ಪ್ಯಾಕಿಂಗ್ ಕೊಂಡು ತಂದೆ. ನೀರಿನ ಪಂಪ್ ಸೋರುತ್ತಿರಲಿಲ್ಲ. ಆದರೂ ಅದನ್ನು ಬದಲಾಯಿಸಬೇಕೆಂದರೆ ಮತ್ತೆ ಈ ಬೆಲ್ಟನ್ನೇ ಬಿಚ್ಚಬೇಕಾದ್ದರಿಂದ ಅದನ್ನೂ ಸೇರಿಸಿದೆ. ಹೊಸ ಬೆಲ್ಟನ್ನು ಮಡಚಬಾರದು, ಒಳಹೊರಗೆ ಮಾಡಬಾರದು, ಹಾಕುವಾಗ ಸ್ಕ್ರೂಡ್ರೈವರಿನಿಂದ ಮೀಟಬಾರದು. ಅದರೊಳಗಿನ ಎಳೆಗಳು ಒಮ್ಮೆ ಮುರಿದರೆ ಹೊರಗಿನಿಂದ ಕಾಣುವುದಿಲ್ಲ.

ಎಂಜಿನ್ ಪೂರ್ತಿ ತಣ್ಣಗಿದ್ದ ಶನಿವಾರ ಬೆಳಿಗ್ಗೆ ಬ್ಯಾಟರಿಯ ನೆಗೆಟಿವ್ ತಂತಿಯನ್ನು ಬಿಚ್ಚಿ, ಮುಂದಿನ ಬಲಭಾಗವನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿ, ಬಲಗಾಲಿಯನ್ನೂ ಅದರ ಹಿಂದಿನ ಮಡ್‌ಗಾರ್ಡ್ ಹಲಗೆಯನ್ನೂ ತೆಗೆದೆ. ತೆಗೆದ ಗಾಲಿಯನ್ನು ಕಾರಿನ ಅಡಿಗೇ ತಳ್ಳಿಟ್ಟೆ. ಬರೀ ಜಾಕನ್ನು ನಂಬಿ ಕೆಲಸ ಮಾಡುವುದನ್ನು ನಾನು ಒಪ್ಪುವುದಿಲ್ಲ. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿದ್ದರಿಂದ ಎಂಜಿನ್ ಕೈಯಲ್ಲಿ ಹಗುರವಾಗಿ ತಿರುಗುವಂತಾಯಿತು. ಎಸಿ ಬೆಲ್ಟ್, ಫ್ಯಾನ್ ಬೆಲ್ಟ್, ನೀರಿನ ಪಂಪಿನ ಪುಲ್ಲಿ, ಕ್ರ್ಯಾಂಕ್ ಪುಲ್ಲಿ, ಆಮೇಲೆ ಟೈಮಿಂಗ್ ಕವರ್, ಇವೆಲ್ಲ ಸಾಲಾಗಿ ಕಳಚಿದವು. ಬಿಗಿಯಾಗಿದ್ದ ಕ್ರ್ಯಾಂಕಿನ ನಡುವಿನ 17ರ ಬೋಲ್ಟನ್ನು, ಎಂಜಿನ್ ತಿರುಗದಂತೆ ಗೇರನ್ನು ಐದನೆಯದಕ್ಕೆ ಹಾಕಿ, ಮಗನಿಗೆ "ನಾನು ಹೇಳೋವರೆಗೂ ಬ್ರೇಕ್ ಬಿಡಬೇಡ ಕಣೋ" ಎಂದು ಒಳಗೆ ಕೂರಿಸಿ ಸಡಿಲಿಸಿದೆ.

ಕವರ್ ತೆಗೆದಾಗ ಹಳೆಯ ಬೆಲ್ಟಿನ ಸ್ಥಿತಿ ಕಂಡು ಗಾಬರಿಯಾಯಿತು. ಬೆನ್ನು ಹೊಳಪುಗಟ್ಟಿತ್ತು, ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳಿದ್ದವು, ಅಂಚು ಬೆರಳಿಗೆ ಜಿಡ್ಡಾಗಿ ಅಂಟುತ್ತಿತ್ತು. ಕ್ಯಾಮಿನ ಆಯಿಲ್ ಸೀಲ್ ಬಹಳ ಕಾಲದಿಂದ ಒಸರುತ್ತಿದ್ದಿರಬೇಕು. ಹಿಂದೆ ಬೆಲ್ಟ್ ಹಾಕಿಕೊಟ್ಟ ಗ್ಯಾರೇಜಿನವರು ಸೀಲನ್ನು ಮುಟ್ಟಿರಲೇ ಇಲ್ಲ. ಎಣ್ಣೆ ಕುಡಿದ ರಬ್ಬರ್ ಮೆತ್ತಗಾಗಿ ಹಲ್ಲು ಹರಿಯುತ್ತದೆ; ಸೀಲ್ ಬಿಟ್ಟು ಬೆಲ್ಟ್ ಮಾತ್ರ ಹಾಕುವುದು ಸೋರುವ ಮಾಡಿನ ಕೆಳಗೆ ಹೊಸ ಚಾಪೆ ಹಾಸಿದಂತೆ.

ಬೆಲ್ಟ್ ಕಳಚುವ ಮೊದಲೇ ಕ್ರ್ಯಾಂಕನ್ನು ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಿಸಿ, ಕ್ಯಾಮ್ ಪುಲ್ಲಿಯ ಗುರುತನ್ನೂ ಕ್ರ್ಯಾಂಕ್ ಹಲ್ಲುಚಕ್ರದ ಗುರುತನ್ನೂ ಅವುಗಳ ಎದುರಿನ ಸ್ಥಿರ ಗುರುತುಗಳಿಗೆ ಕೂಡಿಸಿ, ಬಿಳಿ ಬಣ್ಣ ಹಚ್ಚಿ ಫೋಟೊ ತೆಗೆದಿಟ್ಟುಕೊಂಡಿದ್ದೆ. ಸೀಲ್‌ಗಳನ್ನೂ ಪಂಪನ್ನೂ ಬದಲಾಯಿಸಿ, ಗುರುತುಗಳನ್ನು ಮತ್ತೆ ಕೂಡಿಸಿ ಹೊಸ ಬೆಲ್ಟ್ ಹಾಕಿ, ಟೆನ್ಷನರನ್ನು ಬಿಗಿಮಾಡಿದೆ. ಎರಡೂ ಗುರುತುಗಳು ನೇರವಾಗಿದ್ದವು. ಕ್ರ್ಯಾಂಕ್ ಎರಡು ಸುತ್ತು ಬಂದರೆ ಕ್ಯಾಮ್ ಒಂದು ಸುತ್ತು ಬಂದು ಎಲ್ಲವೂ ಮೊದಲಿನ ಸ್ಥಾನಕ್ಕೆ ಮರಳಬೇಕು. ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿದರೆ ಕ್ರ್ಯಾಂಕಿನ ಗುರುತು ಸರಿಯಾಗಿ ನಿಂತಿತ್ತು, ಕ್ಯಾಮಿನದು ಒಂದು ಹಲ್ಲಿನಷ್ಟು ಪಕ್ಕಕ್ಕೆ ಸರಿದಿತ್ತು.

ನಮ್ಮ ಬೀದಿಯ ಕೊನೆಯಲ್ಲಿ ಹಳೆಯ ಮಾರುತಿಗಳನ್ನೇ ನೋಡಿಕೊಳ್ಳುವ ಹಿರಿಯ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರಲ್ಲಿ ಹೋಗಿ ಕೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಟ್ಯಾಪೆಟ್ ಸ್ಕ್ರೂ ಲೂಸ್ ಮಾಡಿದ್ರಾ ಸರ್?" ನಾನು ಮಾಡಿರಲಿಲ್ಲ. ಕ್ಯಾಮಿನ ಒತ್ತನ್ನು ವಾಲ್ವಿಗೆ ಮುಟ್ಟಿಸುವ ಸಣ್ಣ ತೋಳುಗಳೇ ರಾಕರ್‌ಗಳು; ರಾಕರಿಗೂ ವಾಲ್ವಿಗೂ ನಡುವಿನ ಗ್ಯಾಪ್ ಹೊಂದಿಸುವುದು ಟ್ಯಾಪೆಟ್ ಸ್ಕ್ರೂ. ವಾಲ್ವ್ ಸ್ಪ್ರಿಂಗ್‌ಗಳು ರಾಕರ್‌ಗಳ ಮೂಲಕ ಕ್ಯಾಮನ್ನು ಸದಾ ಒಂದಿಲ್ಲೊಂದು ಕಡೆಗೆ ಒತ್ತುತ್ತಿರುತ್ತವೆ. ಆ ಒತ್ತಡ ಉಳಿದಿರುವಾಗ ಟೆನ್ಷನರಿಲ್ಲದ ಬದಿಯ ಬೆಲ್ಟ್ ಎಷ್ಟು ಬಿಗಿಯಾಗಿದೆ ಎಂಬುದು ಕೈಗೆ ತಿಳಿಯುವುದಿಲ್ಲ, ಅಲ್ಲಿ ಉಳಿದ ಸಡಿಲವು ಎಂಜಿನ್ ತಿರುಗಿದ ಮೇಲಷ್ಟೇ ಹೊರಬೀಳುತ್ತದೆ. ಹಾಗಾಗಿ ವಾಲ್ವ್ ಕವರ್ ಬಿಚ್ಚಿ, ಎಂಟೂ ಟ್ಯಾಪೆಟ್ ಸ್ಕ್ರೂಗಳನ್ನು ಪೂರ್ತಿ ಸಡಿಲಿಸಿದ ಮೇಲೆ ಕ್ಯಾಮ್ ಪುಲ್ಲಿ ಎರಡು ಬೆರಳಿನಲ್ಲೇ ಆಚೀಚೆ ಆಡತೊಡಗಿತು. ಈಗ ಬೆಲ್ಟನ್ನು ಮೊದಲು ಕ್ರ್ಯಾಂಕಿಗೆ ಕೂರಿಸಿ, ಟೆನ್ಷನರಿಲ್ಲದ ಬದಿಯನ್ನು ಎಳೆದು ಹಿಡಿದು ಕ್ಯಾಮಿಗೆ ಏರಿಸಿ, ಟೆನ್ಷನರನ್ನು ಅದರ ಸ್ಪ್ರಿಂಗಿನ ಎಳೆತಕ್ಕೇ ಬಿಟ್ಟೆ. ಹಾಗೆಯೇ ಎರಡು ಸುತ್ತು ತಿರುಗಿಸಿದೆ. ಗುರುತುಗಳು ಬಂದು ಎದುರುಬದುರು ನಿಂತವು. ಅದಾದ ಮೇಲೆಯೇ ಟೆನ್ಷನರಿನ ಬೋಲ್ಟನ್ನು, ಆ ಹಿರಿಯರೇ ಕೊಟ್ಟ ಟಾರ್ಕ್ ವ್ರೆಂಚಿನಿಂದ, ಕೈಪಿಡಿಯಲ್ಲಿದ್ದ ಬಿಗಿತಕ್ಕೆ ಬಿಗಿದೆ. ಸಮಾಧಾನಕ್ಕೆಂದು ಮತ್ತೂ ಎರಡು ಸುತ್ತು ತಿರುಗಿಸಿ ನೋಡಿದೆ.

ಮೊದಲ ದಿನ ಕತ್ತಲಾದ್ದರಿಂದ ಟ್ಯಾಪೆಟ್ ಸೆಟ್ಟಿಂಗನ್ನು ಭಾನುವಾರಕ್ಕೆ ಉಳಿಸಿಕೊಂಡೆ. ದಣಿದ ಕೈಯಲ್ಲಿ ಮಾಡುವ ಕೆಲಸ ಅದಲ್ಲ: ಗ್ಯಾಪ್ ಅಳೆಯುವ ಫೀಲರ್ ಗೇಜಿನ ಹಾಳೆ ರಾಕರಿನಡಿ ಸರಿದಾಡುವಾಗ ಹಿತವಾದ ಒಂದು ಬಿಗಿ ಮಾತ್ರ ತಿಳಿಯಬೇಕು, ನಟ್ ಬಿಗಿಯುವಾಗ ಸ್ಕ್ರೂ ಜೊತೆಯಲ್ಲಿ ತಿರುಗಿದರೆ ಆ ಗ್ಯಾಪ್ ಕೆಟ್ಟು ಮತ್ತೆ ಮೊದಲಿಂದ ಶುರುಮಾಡಬೇಕು. ಎಂಟಕ್ಕೆ ನನಗೆ ಒಂದೂವರೆ ಗಂಟೆ ಹಿಡಿಯಿತು.

ಎಲ್ಲವನ್ನೂ ಜೋಡಿಸಿ, ಕೂಲಂಟ್ ತುಂಬಿ, ಕೀಲಿ ತಿರುಗಿಸಿದಾಗ ಎಂಜಿನ್ ಎರಡನೆಯ ಸಲಕ್ಕೆ ಹತ್ತಿಕೊಂಡಿತು. ಪ್ಲಗ್‌ಗಳಿಗೆ ಕಿಡಿಯ ವಿದ್ಯುತ್ತನ್ನು ಹಂಚುವ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದೂ ಕ್ಯಾಮೇ ಆದ್ದರಿಂದ ಟೈಮಿಂಗ್ ಲೈಟ್ ಹಿಡಿದು ಇಗ್ನಿಷನ್ ಟೈಮಿಂಗನ್ನೂ ನೋಡಿ ಸರಿಮಾಡಿದೆ. ಬೆಲ್ಟ್ ಹಾಕಿದ ದಿನಾಂಕವನ್ನೂ ಆಗಿನ ಕಿಲೋಮೀಟರನ್ನೂ ಬಣ್ಣದಲ್ಲಿ ಟೈಮಿಂಗ್ ಕವರಿನ ಮೇಲೆ ಬರೆದಿದ್ದೇನೆ. ಈ ಕಾರು ಮುಂದೆ ಯಾರ ಕೈಗೆ ಹೋದರೂ ಅವರಿಗೆ ಊಹಿಸುವ ಪಾಡು ಬರಬಾರದು. 500 ಕಿಲೋಮೀಟರ್ ಓಡಿದ ಮೇಲೆ ಮೇಲಿನ ಕವರನ್ನು ಬಿಚ್ಚಿ ಕ್ಯಾಮ್ ಸೀಲಿನ ಕೆಳಗೆ ಬಿಳಿಯ ಬಟ್ಟೆಯಿಂದ ಒರೆಸಿ ನೋಡಿದೆ. ಬಟ್ಟೆ ಒಣಗಿಯೇ ಇತ್ತು.