ಸ್ಯಾನ್ ವಾನ್ ನದೀಲಿ ಎರಡು ರಾತ್ರಿ ರಾಫ್ಟಿಂಗ್, ಕುಡಿಯೋ ನೀರನ್ನಂತೂ ಪೂರ್ತಿ ಹೊತ್ಕೊಂಡೇ ಹೋಗಿ

ಅಮೆರಿಕದ ಯೂಟಾ ರಾಜ್ಯದ ಸ್ಯಾನ್ ವಾನ್ ನದೀಲಿ ನಾವು ನಾಲ್ಕು ಜನ ಗೈಡ್ ಇಲ್ದೆ, ನಾವೇ ಹುಟ್ಟು ಹಾಕ್ಕೊಂಡು ಹೋಗಿ ಬಂದ್ವಿ. ಬ್ಲಫ್ ಊರಿನ ಹತ್ರ ಸ್ಯಾಂಡ್ ಐಲ್ಯಾಂಡ್‌ನಿಂದ ಮೆಕ್ಸಿಕನ್ ಹ್ಯಾಟ್‌ವರೆಗೆ ಸುಮಾರು 27 ಮೈಲಿ. ಒಂದೇ ದಿನದಲ್ಲಿ ಮುಗಿಸೋರೂ ಇದಾರೆ, ಆದ್ರೆ ರಾತ್ರಿ ಅಲ್ಲೇ ಮರಳ ಮೇಲೆ ಮಲಗ್ಲಿಲ್ಲ ಅಂದ್ರೆ ಆ ಕಣಿವೆ ಅರ್ಧ ನೋಡಿದ ಹಾಗೆ. ಪರ್ಮಿಟ್ ಬೇಕೇ ಬೇಕು, ಸೀಸನ್‌ನಲ್ಲಿ ಲಾಟರಿ ಹಾಕಿ ಕೊಡ್ತಾರೆ. ಎಡದಂಡೆ ಪೂರ್ತಿ ನವಾಹೋ ನೇಷನ್ (ನವಾಹೋ ಮೂಲನಿವಾಸಿಗಳ ಸ್ವಂತ ಆಡಳಿತದ ಪ್ರದೇಶ) ಜಾಗ, ಅಲ್ಲಿ ಟೆಂಟ್ ಹಾಕ್ಬೇಕಂದ್ರೆ ಅವರ ಪರ್ಮಿಟ್ ಬೇರೆ ತಗೋಬೇಕು, ಅದಕ್ಕೆ ನಾವು ಎರಡೂ ರಾತ್ರಿ ಬಲದಂಡೇಲೇ ಉಳ್ಕೊಂಡ್ವಿ.

ನಾನು ತಪ್ಪು ಮಾಡಿದ್ದು ನೀರಿನ ಲೆಕ್ಕದಲ್ಲಿ. ಒಬ್ಬರಿಗೆ ದಿನಕ್ಕೆ 1 ಗ್ಯಾಲನ್ (ಸುಮಾರು 3.8 ಲೀಟರ್) ಇಟ್ಕೋಬೇಕು ಅಂತ ಗೊತ್ತಿತ್ತು, ಆದ್ರೂ ಭಾರ ಕಮ್ಮಿ ಆಗ್ಲಿ, ನದಿ ನೀರು ಸೋಸೋ ಪಂಪ್ ಫಿಲ್ಟರ್ ಇದೆಯಲ್ಲ ಅಂತ ಕಮ್ಮಿ ತುಂಬ್ಕೊಂಡೆ. ಈ ನದೀಲಿ ಹರಿಯೋದು ಕೆಂಪು ಕೆಸರು ಕಣ್ರೀ, ಕೈ ಮುಳುಗಿಸಿದ್ರೆ ಬೆರಳು ಕಾಣಲ್ಲ. ಮೊದಲ ಸಂಜೆ ಒಂದೆರಡು ಬಾಟಲ್ ತುಂಬೋದ್ರೊಳಗೇ ಫಿಲ್ಟರ್ ಕಟ್ಕೊಂಡು ಪಂಪ್ ಒತ್ತೋಕೇ ಆಗ್ಲಿಲ್ಲ. ಜೊತೇಲಿದ್ದವರ ಹತ್ರ ಪಟಿಕದ ಪುಡಿ ಇತ್ತು, ಬಕೆಟ್ ನೀರಿಗೆ ಒಂದು ಚಿಟಿಕೆ ಹಾಕಿ ಕಲಕಿ ರಾತ್ರಿಯೆಲ್ಲಾ ಅಲ್ಲಾಡಿಸ್ದೆ ಬಿಟ್ವಿ, ಬೆಳಿಗ್ಗೆ ಕೆಸರೆಲ್ಲಾ ತಳಕ್ಕೆ ಕೂತು ಮೇಲೆ ತಿಳಿನೀರು, ಅದನ್ನ ಮೆಲ್ಲಗೆ ಬಗ್ಗಿಸ್ಕೊಂಡು, ತೊಳೆದ ಫಿಲ್ಟರ್‌ನಲ್ಲಿ ಸೋಸಿ, ಕುದಿಸಿ ಕುಡಿದ್ವಿ. ಈಗ ನಾನು ಪೂರ್ತಿ ನೀರು ಹೊತ್ಕೊಂಡೇ ಹೋಗ್ತೀನಿ, ಪಟಿಕ ಬರೀ ಕಷ್ಟಕಾಲಕ್ಕೆ.

ಟೆಂಟ್ ಯಾವತ್ತೂ ಪಕ್ಕದ ಒಣಹಳ್ಳದ ಬಾಯಲ್ಲಿ ಹಾಕ್ಬೇಡಿ. ನಿಮ್ಮ ತಲೆ ಮೇಲೆ ಮೋಡ ಇಲ್ದಿದ್ರೂ ಮೇಲೆಲ್ಲೋ ಸುರಿದ ಮಳೆ ಅಲ್ಲಿಂದ ನುಗ್ಗತ್ತೆ. ಮಲಗೋ ಮುಂಚೆ ನೀರಿನ ಅಂಚಲ್ಲಿ ಒಂದು ಕಡ್ಡಿ ನೆಡ್ತೀನಿ, ಎರಡನೇ ರಾತ್ರಿ ಎದ್ದು ಟಾರ್ಚ್ ಹಾಕಿದ್ರೆ ಆ ಕಡ್ಡಿ ನೀರೊಳಗೆ! ರಾಫ್ಟನ್ನ ಎರಡು ಹಗ್ಗದಲ್ಲಿ ಬೇರೆ ಬೇರೆ ಕಡೆ ಕಟ್ಟಿದ್ದಕ್ಕೆ ಅದು ಅಲ್ಲೇ ಇತ್ತು, ಎಲ್ಲರೂ ಎದ್ದು ಇನ್ನೂ ಮೇಲಕ್ಕೆ ಎಳ್ಕೊಂಡ್ವಿ.

ಟಾಯ್ಲೆಟ್ ಡಬ್ಬ, ಇದಕ್ಕೆ ರಾಫ್ಟಿಂಗ್ ಮಾಡೋರು ಗ್ರೂವರ್ ಅಂತಾರೆ, ಕಡ್ಡಾಯ. ಬೆಂಕಿಗೆ ಫೈರ್ ಪ್ಯಾನ್, ಅಂದ್ರೆ ಬೆಂಕಿ ಹಾಕೋ ಲೋಹದ ತಟ್ಟೆ, ಬೇಕು, ಬೂದಿ ಸಮೇತ ಎಲ್ಲಾ ವಾಪಸ್ ತರಬೇಕು. ಮೂತ್ರ ಮಾತ್ರ ನದಿಗೇ, ಕೇಳೋಕೆ ಒಂಥರಾ ಅನ್ಸುತ್ತೆ, ಆದ್ರೆ ಮಳೆ ಅಪರೂಪವಾದ ಮರಳುಗಾಡಲ್ಲಿ ದಂಡೆ ಮೇಲೆ ಬಿಟ್ರೆ ಆ ವಾಸನೆ ತೊಳೆದು ಹೋಗೋದೇ ಇಲ್ಲ.

ಮಧ್ಯಾಹ್ನ ಆದ್ರೆ ಎದುರು ಗಾಳಿ ಜೋರು, ಅದಕ್ಕೆ ಬೆಳಿಗ್ಗೆ ಬೇಗ ಹೊರಡಿ. ನೀರು ರಭಸವಾಗಿ ಧುಮುಕೋ ಏಯ್ಟ್ ಫುಟ್ ರ‍್ಯಾಪಿಡ್ ಬಂದಾಗ ರಾಫ್ಟ್ ದಡಕ್ಕೆ ಹಚ್ಚಿ ಇಳಿದು ದಾರಿ ನೋಡ್ಕೊಂಡು ಆಮೇಲೆ ರಾಫ್ಟ್ ಬಿಡಿ. ಮೆಕ್ಸಿಕನ್ ಹ್ಯಾಟ್ ಹತ್ರ ಬರ್ತಿದ್ದ ಹಾಗೇ ಬಲಕ್ಕೆ ಬಂದ್ಬಿಡಿ, ರಾಫ್ಟ್ ಹೊರಗೆ ಎಳೆಯೋ ಇಳಿಜಾರು ಅಲ್ಲೇ ಇರೋದು, ಆ ರ‍್ಯಾಂಪ್ ತಪ್ಪಿಸ್ಕೊಂಡ್ರೆ ಮುಂದಿನದು ಕ್ಲೇ ಹಿಲ್ಸ್, ಸುಮಾರು 57 ಮೈಲಿ ಕೆಳಗೆ.