ಫ್ಲ್ಯಾಟ್‌ನಲ್ಲಿ ಟ್ಯೂಬ್ ಆಂಪ್: ಸದ್ದು ಇಳಿಸಿ ಟೋನ್ ಉಳಿಸಿಕೊಂಡ ನನ್ನ ಅನುಭವ

ಬೆಂಗಳೂರಿನಲ್ಲಿ ನಾನಿರುವುದು ಮೂರನೇ ಮಹಡಿಯ ಫ್ಲ್ಯಾಟ್. ಮೇಲೂ ಮನೆ, ಕೆಳಗೂ ಮನೆ. ಅಲ್ಲೇ 5 ವ್ಯಾಟ್‌ನ ಟ್ಯೂಬ್ ಆಂಪ್ (ಗಾಜಿನ ವಾಲ್ವ್‌ಗಳಿಂದ ಗಿಟಾರ್ ಸದ್ದನ್ನು ಹಿಗ್ಗಿಸುವ ಆಂಪ್ಲಿಫೈಯರ್) ಇಟ್ಟುಕೊಂಡು ಸಂಜೆ ಹೊತ್ತು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಅದರ ಟೋನ್, ಅಂದರೆ ಸದ್ದಿನ ಬಣ್ಣ, ಕೇಳಿದರೆ ನನಗೆ ನಿಜಕ್ಕೂ ಖುಷಿಯಾಗುತ್ತದೆ. ಜೋರಾಗಿ ಇಟ್ಟರೆ ಮಾತ್ರ ಟ್ಯೂಬ್ ಆಂಪ್ ಚೆನ್ನ ಅನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಮೊದಲು ವ್ಯಾಟ್ ವಿಷಯ. 50 ವ್ಯಾಟ್‌ನಿಂದ 5 ವ್ಯಾಟ್‌ಗೆ ಇಳಿದರೆ ಕಡಿಮೆಯಾಗುವುದು 10 ಡೆಸಿಬಲ್ ಅಷ್ಟೇ. ಕಿವಿಗೆ ಅದು ಸುಮಾರು ಅರ್ಧ ಸದ್ದು, ಹತ್ತರಲ್ಲೊಂದು ಪಾಲಲ್ಲ. ಬಹಳಷ್ಟು ಗಿಟಾರ್ ಸ್ಪೀಕರ್‌ಗಳು ಒಂದೇ ಒಂದು ವ್ಯಾಟ್ ಕೊಟ್ಟರೂ ಒಂದು ಮೀಟರ್ ದೂರದಲ್ಲಿ 97 ಡೆಸಿಬಲ್ ಆಸುಪಾಸು ಕೂಗುತ್ತವೆ. ರೂಮಿನಲ್ಲಿ ನನಗೆ 75 ಇದ್ದರೆ ಧಾರಾಳ. ಲೆಕ್ಕ ಹಾಕಿದರೆ ಒಂದು ವ್ಯಾಟ್‌ನ ನೂರನೇ ಪಾಲು ಕೂಡ ಬೇಕಾಗಿಲ್ಲ! ಅಂದರೆ ಮನೆಯಲ್ಲಿ, ಸ್ಪೀಕರ್‌ಗೆ ಶಕ್ತಿ ಕೊಡುವ ಪವರ್ ಟ್ಯೂಬ್‌ಗಳನ್ನು ದುಡಿಸುವ ಆಸೆ ಬಿಟ್ಟುಬಿಡಬೇಕು. ಡಿಸ್ಟಾರ್ಷನ್ (ಸದ್ದು ಒಡೆದು ಬರುವ ಗರಗರ) ಆಂಪ್‌ನ ಮೊದಲ ಹಂತವಾದ ಪ್ರೀಆಂಪ್‌ನಿಂದ, ಕಾಲಲ್ಲಿ ಒತ್ತುವ ಪೆಡಲ್‌ನಿಂದ ಬರಲಿ. ಕೊನೆಗೆ ಮಾಸ್ಟರ್ ವಾಲ್ಯೂಮ್ ಇಳಿಸಿದರಾಯಿತು.

ಆಂಪ್ ಮತ್ತು ಸ್ಪೀಕರ್ ನಡುವೆ ಅಟೆನ್ಯುಯೇಟರ್ ಹಾಕಿ, ಹೆಚ್ಚಿನ ಪವರನ್ನು ಶಾಖವಾಗಿ ಸುಡುವ ದಾರಿಯೂ ಇದೆ. ಸ್ವಲ್ಪ ಇಳಿಸಲು ಅದು ಒಳ್ಳೆಯದು. ತುಂಬಾ ಇಳಿಸಿದರೆ ಸ್ಪೀಕರ್ ಕೋನ್ ಅಷ್ಟಾಗಿ ಅಲುಗಾಡುವುದಿಲ್ಲ, ಸದ್ದು ಒಣಗಿದ ಹಾಗಾಗುತ್ತದೆ. ಹಾಕುವುದಾದರೆ ಆಂಪ್, ಅಟೆನ್ಯುಯೇಟರ್, ಸ್ಪೀಕರ್‌ಗಳ ಓಮ್ (ವಿದ್ಯುತ್ ತಡೆ) ಸರಿಹೊಂದಿಸಿಯೇ ಹಾಕಿ. ಸ್ಪೀಕರ್ ಅಥವಾ ಅದರ ಬದಲಿಗೆ ಪವರ್ ಹೀರುವ ಲೋಡ್ ಇಲ್ಲದೆ ಟ್ಯೂಬ್ ಆಂಪ್ ನುಡಿಸಲೇಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು.

ಎಲ್ಲಕ್ಕಿಂತ ಮುಖ್ಯ ನಮ್ಮ ಕಿವಿ. ಸದ್ದು ಇಳಿದ ಹಾಗೆಲ್ಲ ಕಿವಿಗೆ ಬೇಸ್ ಕೇಳುವುದು ಕಡಿಮೆಯಾಗುತ್ತದೆ, ತೀರಾ ಮೇಲಿನ ಟ್ರೆಬಲ್ ಕೂಡ ಸ್ವಲ್ಪ ಮಂಕಾಗುತ್ತದೆ. ಅಮೆರಿಕದ ವಿಜ್ಞಾನಿಗಳಾದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಇದನ್ನು ಅಳೆದು ತೋರಿಸಿದ್ದಾರೆ. ಹಾಗಾಗಿ ಬ್ಯಾಂಡ್ ರೂಮಿನ ಸೆಟ್ಟಿಂಗ್ ಮನೆಯಲ್ಲಿ ಸಪ್ಪೆ ಅನ್ನಿಸುವುದು ಸಹಜ. ಯಾವ ವಾಲ್ಯೂಮ್‌ನಲ್ಲಿ ನುಡಿಸುತ್ತೇನೋ ಅದೇ ವಾಲ್ಯೂಮ್‌ನಲ್ಲಿ ನಾನು ಟೋನ್ ಕೂರಿಸುತ್ತೇನೆ.

ಹಾಗಂತ ಬೇಸ್ ನಾಬ್ ಏರಿಸಿಬಿಡುವ ಹಾಗಿಲ್ಲ. ಕೆಳಗಿನ ಮನೆಯ ಆಂಟಿ ಲಿಫ್ಟ್ ಹತ್ತಿರ ಸಿಕ್ಕಾಗ, "ಹಾಡು ಕೇಳಿಸಿದ್ರೆ ಪರವಾಗಿಲ್ಲಪ್ಪ, ನಮಗೆ ಬರೀ ಧಮ್ ಧಮ್ ಅಂತ ಬರುತ್ತೆ" ಅಂದಿದ್ದರು. ಅವರು ಹೇಳಿದ್ದು ಖಂಡಿತ ಸರಿ. ಗೋಡೆ, ಸ್ಲ್ಯಾಬ್ ದಾಟುವುದು ಬೇಸೇ ಜಾಸ್ತಿ. ಆಂಪ್ ನೆಲದ ಮೇಲೆ ಕೂತಿದ್ದರೆ ಅದುರುವಿಕೆ ನೇರ ಸ್ಲ್ಯಾಬ್‌ಗೆ ಇಳಿಯುತ್ತದೆ. ಈಗ ಗಟ್ಟಿ ಸ್ಟೂಲಿನ ಮೇಲೆ ದಪ್ಪ ಫೋಮ್ ಹಾಸಿ, ಅದರ ಮೇಲೆ ಆಂಪ್ ಇಟ್ಟಿದ್ದೇನೆ. ಹಿಂದಕ್ಕೆ ಸ್ವಲ್ಪ ವಾಲಿಸಿದ್ದೇನೆ, ಸ್ಪೀಕರ್ ನನ್ನ ಕಿವಿಯನ್ನೇ ನೋಡುತ್ತದೆ. ಕೂರುವುದು ಒಂದು ಮೀಟರ್ ದೂರದಲ್ಲಿ. ಹತ್ತಿರ ಕೂತಷ್ಟೂ ಅದೇ ಸದ್ದು ನನಗೆ ದೊಡ್ಡದಾಗಿ ಕೇಳುತ್ತದೆ, ಪಕ್ಕದ ಮನೆಗೆ ಏನೂ ವ್ಯತ್ಯಾಸವಾಗುವುದಿಲ್ಲ. ಟ್ರೆಬಲ್ ನೇರ ಕಿವಿಗೆ ಬರುವುದರಿಂದ ಆ ನಾಬನ್ನು ಕಿವಿ ಚುಚ್ಚದಷ್ಟು ಇಳಿಸಬೇಕು. ಈ ಸ್ಟೂಲ್ ಮಾಡಿದಷ್ಟು ಉಪಕಾರ ಯಾವ ಪೆಡಲ್ಲೂ ಮಾಡಿಲ್ಲ.

ನಾಬ್‌ಗಳ ವಿಷಯಕ್ಕೆ ಬಂದರೆ, ಮಿಡ್ (ಬೇಸ್, ಟ್ರೆಬಲ್ ನಡುವಿನ ಸದ್ದು) ಏರಿಸಿ. ಗಿಟಾರಿನ ಜೀವ ಇರುವುದೇ ಅಲ್ಲಿ. ಮಿಡ್ ತೆಗೆದ ಟೋನ್ ಸಣ್ಣ ಸದ್ದಿನಲ್ಲಿ ಎಲ್ಲೋ ಮಾಯವಾಗಿಬಿಡುತ್ತದೆ. ಗೇನ್ (ಡಿಸ್ಟಾರ್ಷನ್ ಎಷ್ಟು ಅಂತ ತೀರ್ಮಾನಿಸುವ ನಾಬ್) ನಿಮಗೆ ಬೇಕು ಅನ್ನಿಸಿದ್ದಕ್ಕಿಂತ ಸ್ವಲ್ಪ ಕಡಿಮೆ ಇಡಿ. ಗೇನ್ ಜಾಸ್ತಿಯಾದರೆ ಪಿಕ್ ಮೆಲ್ಲಗೆ ಹೊಡೆದರೂ ಜೋರಾಗಿ ಹೊಡೆದರೂ ಒಂದೇ ಥರ ಕೇಳುತ್ತದೆ. ನನ್ನದು ಟ್ಯೂಬ್ ಸ್ಕ್ರೀಮರ್ ಥರದ ಓವರ್‌ಡ್ರೈವ್ ಪೆಡಲ್. ಡ್ರೈವ್ ಹೆಚ್ಚುಕಡಿಮೆ ಸೊನ್ನೆ, ಲೆವೆಲ್ ಮೇಲೆ. ಅದು ಬೇಸ್ ಕತ್ತರಿಸಿ 720 ಹರ್ಟ್ಸ್ ಆಸುಪಾಸಿನ ಮಿಡ್ ಎತ್ತಿ ಕೊಡುತ್ತದೆ. ಫ್ಲ್ಯಾಟ್‌ಗೆ ಬೇಕಾದದ್ದೂ ಅದೇ ಅಲ್ವಾ? ಕೊನೆಯಲ್ಲಿ ಚೂರೇ ಚೂರು ರೂಮ್ ರಿವರ್ಬ್ (ಕೋಣೆಯ ಮಾರ್ದನಿ) ಹಾಕುತ್ತೇನೆ, ಸದ್ದಿಗೆ ಸುತ್ತ ಜಾಗ ಸಿಕ್ಕ ಹಾಗಾಗುತ್ತದೆ.

ತೀರಾ ಇಳಿಸಿದರೂ ಕಷ್ಟ. ತಂತಿಗೆ ಪಿಕ್ ತಾಗುವ ಟಿಕ್ ಟಿಕ್ ಗಿಟಾರಿನಿಂದಲೇ ಕೇಳಿಸಿ ಸ್ಪೀಕರ್ ಸದ್ದಿನೊಳಗೆ ಬೆರೆಯುತ್ತದೆ. ಆ ಟಿಕ್ ಮುಚ್ಚಿಹೋಗುವಷ್ಟು ವಾಲ್ಯೂಮ್ ಬೇಕೇ ಬೇಕು. ನನ್ನ ಕೆಳಮಿತಿ ಅದೇ.

ರಾತ್ರಿ 10ರ ಮೇಲೆ ಆಂಪ್ ಬಂದ್. 2000ದ ಶಬ್ದಮಾಲಿನ್ಯ ನಿಯಮಗಳಲ್ಲಿ ವಸತಿ ಪ್ರದೇಶಕ್ಕೆ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಇರುವ ಮಿತಿ 45 ಡೆಸಿಬಲ್, ಸ್ಪೀಕರ್‌ನಲ್ಲಿ ನುಡಿಸುವ ಮಾತೇ ಇಲ್ಲ. ಆಗ ಗಿಟಾರನ್ನು, ಅದರ ಸದ್ದನ್ನು ಲ್ಯಾಪ್‌ಟಾಪ್‌ಗೆ ಒಯ್ಯುವ ಆಡಿಯೋ ಇಂಟರ್‌ಫೇಸ್‌ಗೆ ಸಿಕ್ಕಿಸಿ, ಲ್ಯಾಪ್‌ಟಾಪ್‌ನ ಆಂಪ್ ಸಾಫ್ಟ್‌ವೇರ್‌ನಲ್ಲಿ ಹೆಡ್‌ಫೋನ್ ಹಾಕಿ ನುಡಿಸುತ್ತೇನೆ. ಕ್ಯಾಬಿನೆಟ್‌ನ ಇಂಪಲ್ಸ್ ರೆಸ್ಪಾನ್ಸ್ ಫೈಲ್ (ಸ್ಪೀಕರ್ ಪೆಟ್ಟಿಗೆಯ ಸದ್ದಿನ ಗುಣವನ್ನು ಅಳೆದಿಟ್ಟ ಫೈಲ್) ಮಾತ್ರ ಮರೆಯಬೇಡಿ. ಅದಿಲ್ಲದಿದ್ದರೆ ಡಿಸ್ಟಾರ್ಷನ್ ಡಬ್ಬಿಯೊಳಗೆ ಸಿಕ್ಕಿಬಿದ್ದ ಜೀರುಂಡೆಯ ಹಾಗೆ ಕೇಳುತ್ತದೆ. ಸ್ಪೀಕರ್ ತಾನಾಗಿಯೇ ಸೋಸಿಬಿಡುವ 5,000 ಹರ್ಟ್ಸ್ ಮೇಲಿನ ಕರ್ಕಶವನ್ನು ಆ ಫೈಲೇ ತೆಗೆಯಬೇಕು. ಹೆಡ್‌ಫೋನ್‌ಗೆ ಕೂರಿಸಿದ ಸೆಟ್ಟಿಂಗನ್ನು ಬೇರೆ ಹೆಸರಿನಲ್ಲೇ ಸೇವ್ ಮಾಡಿಕೊಳ್ಳಿ, ಸ್ಪೀಕರ್‌ಗೆ ಅದು ಹೊಂದುವುದಿಲ್ಲ.