ಒಂದು ರಿಸೀವರ್‌ಗೆ ಎರಡು ಸಬ್‌ವೂಫರ್: ನನ್ನ ಅನುಭವ

ಉಡುಪಿಯಲ್ಲಿರುವ ನಮ್ಮ ಮನೆಯ ಚಾವಡಿ ಸುಮಾರು 5 ಮೀಟರ್ ಉದ್ದವಿದೆ, ಗೋಡೆ ಕೆಂಪುಕಲ್ಲಿನದು. ಟಿವಿಯ ಪಕ್ಕದಲ್ಲಿ ಒಂದೇ ಸಬ್‌ವೂಫರ್ (ತಗ್ಗು ಸ್ವರಗಳಿಗೆಂದೇ ಇರುವ ಸ್ಪೀಕರ್) ಇದ್ದಾಗ, ಹಿಂದಿನ ಗೋಡೆಗೆ ತಾಗಿದ ಬೆಂಚಿನವರಿಗೆ ಎದೆ ನಡುಗಿಸುವಷ್ಟು ಕೇಳಿಸುತ್ತಿದ್ದ ತಗ್ಗು ಸ್ವರಗಳು ನಡುವಿನ ಸೋಫಾದಲ್ಲಿ ಬಹುಮಟ್ಟಿಗೆ ಮಾಯವಾಗುತ್ತಿದ್ದವು. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್ ಆದ್ದರಿಂದ ಇಷ್ಟು ಉದ್ದದ ಕೋಣೆಯಲ್ಲಿ 34 ಹರ್ಟ್ಸ್ (ಸೆಕೆಂಡಿಗೆ 34 ಕಂಪನ) ಆಸುಪಾಸಿನಲ್ಲಿ ಸ್ಥಾಯಿ ತರಂಗ, ಅಂದರೆ ಗೋಡೆಗಳ ನಡುವೆ ಪ್ರತಿಫಲಿಸಿ ನಿಂತಲ್ಲೇ ನಿಲ್ಲುವ ಅಲೆ, ಉಂಟಾಗಿ, ಎರಡೂ ತುದಿಗಳಲ್ಲಿ ಒತ್ತಡ ಹೆಚ್ಚುತ್ತದೆ, ನಡುವೆ ಕುಗ್ಗುತ್ತದೆ. ವಾಲ್ಯೂಮ್ ಏರಿಸಿದರೆ ಬೆಂಚಿನವರ ಕಷ್ಟ ಏರುತ್ತದೆಯೇ ಹೊರತು ಸೋಫಾದವರಿಗೆ ಲಾಭವಿಲ್ಲ. ಹಾಗಾಗಿ ಅದೇ ಮಾದರಿಯ ಇನ್ನೊಂದನ್ನು ತಂದು ಹಿಂದಿನ ಗೋಡೆಯ ಬಳಿ, ಮೊದಲನೆಯದಕ್ಕೆ ಎದುರಾಗಿ ಇಟ್ಟೆ; ಎರಡೂ ಒಂದೇ ಫೇಸ್‌ನಲ್ಲಿ, ಅಂದರೆ ಒಟ್ಟೊಟ್ಟಿಗೇ ಗಾಳಿಯನ್ನು ತಳ್ಳುತ್ತ ಎಳೆಯುತ್ತ, ದುಡಿದರೆ ಆ ತರಂಗ ತಲೆಯೆತ್ತುವುದಿಲ್ಲ.

ಸ್ಪೀಕರ್‌ಗಳಿಗೆಲ್ಲ ಧ್ವನಿ ಹಂಚುವ ನನ್ನ ರಿಸೀವರ್‌ನಲ್ಲಿ ಸಬ್‌ವೂಫರ್‌ಗೆಂದು ಇರುವುದು ಒಂದೇ ಔಟ್‌ಪುಟ್. ಅದಕ್ಕೆ ವೈ ಆಕಾರದ ಆರ್‌ಸಿಎ ಸ್ಪ್ಲಿಟರ್ (ಒಂದು ಸಿಗ್ನಲನ್ನು ಎರಡಾಗಿ ಕವಲೊಡೆಸುವ ಪ್ಲಗ್) ಹಾಕಿ ಎರಡು ಕೇಬಲ್ ಎಳೆದೆ. ಸಿಗ್ನಲ್ ಅರ್ಧಕ್ಕಿಳಿಯುತ್ತದೆ ಎಂಬ ಭಯ ಹಲವರಿಗಿದೆ. ಆದರೆ ಪವರ್ಡ್ (ಒಳಗೇ ಆಂಪ್ಲಿಫೈಯರ್ ಇರುವ) ಸಬ್‌ವೂಫರ್‌ನ ಇನ್‌ಪುಟ್ ಇಂಪೀಡೆನ್ಸ್ (ಒಳಬರುವ ಸಿಗ್ನಲ್‌ಗೆ ಒಡ್ಡುವ ತಡೆ) ಸಾವಿರಾರು ಓಮ್ ಇರುವುದರಿಂದ ವೋಲ್ಟೇಜ್ ಲೆಕ್ಕಕ್ಕೆ ಬಾರದಷ್ಟು ಮಾತ್ರ ಇಳಿಯುತ್ತದೆ. ಎರಡು ಔಟ್‌ಪುಟ್ ಇರುವ ಅನೇಕ ರಿಸೀವರ್‌ಗಳ ಒಳಗೂ ಇದೇ ಜೋಡಣೆ ಇರುತ್ತದೆ. ಎರಡಕ್ಕೂ ಪ್ರತ್ಯೇಕ ದೂರ ಮತ್ತು ಮಟ್ಟ ಕೊಡಲು ಬರುವಂತಿದ್ದರೆ ಮಾತ್ರ ಅಂಥದ್ದಕ್ಕೆ ಹೆಚ್ಚು ಹಣ ಕೊಡಬಹುದು ಎಂಬುದು ನನ್ನ ಅಭಿಪ್ರಾಯ. ನನಗೆ ಆ ಅನುಕೂಲವಿಲ್ಲದ್ದರಿಂದ ಸೋಫಾದಿಂದ ಎರಡೂ ಸಮದೂರದಲ್ಲಿರುವಂತೆ ನೋಡಿಕೊಂಡೆ.

ಹಿಂದಿನದನ್ನು ಬೇರೆ ಪ್ಲಗ್‌ಗೆ ಸಿಕ್ಕಿಸಿದಾಗ ಗುಂಯ್ ಎಂಬ ಸದ್ದು ಶುರುವಾಯಿತು. ಅರ್ತ್ ಪಿನ್ ತೆಗೆದರೆ ನಿಲ್ಲುತ್ತದೆ ಎಂದು ವಯರಿಂಗಿನವರು ಹೇಳಿದರು. ಸಿಡಿಲು, ತೇವ ಎರಡೂ ಇರುವ ಈ ಊರಿನಲ್ಲಿ ಅದಕ್ಕೆ ಒಪ್ಪುವ ಮಾತೇ ಇಲ್ಲ. ರಿಸೀವರ್ ಇರುವ ಬೋರ್ಡಿನಿಂದಲೇ ಕರೆಂಟ್ ಕೊಟ್ಟ ಮೇಲೆ ಸದ್ದು ನಿಂತಿತು.

ಇನ್ನು ಹೊಂದಾಣಿಕೆ. ಸಬ್‌ವೂಫರ್‌ಗಳ ಕ್ರಾಸ್‌ಓವರ್ ನಾಬ್‌ಗಳನ್ನು (ಸಬ್‌ವೂಫರ್ ಯಾವ ಸ್ವರದವರೆಗೆ ನುಡಿಯಬೇಕೆಂದು ನಿಗದಿಪಡಿಸುವವು) ಗರಿಷ್ಠದವರೆಗೆ ತಿರುಗಿಸಿಟ್ಟು, ವಿಭಜನೆಯನ್ನು ರಿಸೀವರ್‌ನಲ್ಲೇ 80 ಹರ್ಟ್ಸ್‌ಗೆ ನಿಗದಿಪಡಿಸಿದೆ. ಬಳಿಕ ಒಂದನ್ನು ಆಫ್ ಮಾಡಿ ಇನ್ನೊಂದನ್ನು ನುಡಿಸುತ್ತ, ಸೋಫಾದಲ್ಲಿ ಕಿವಿಯ ಎತ್ತರಕ್ಕೆ ಶಬ್ದ ಅಳೆಯುವ ಮೀಟರ್ ಹಿಡಿದು, ಎರಡರ ಮಟ್ಟವನ್ನೂ ಸಮಮಾಡಿದೆ. ಒಟ್ಟಿಗೆ ನುಡಿದಾಗ ಮಟ್ಟ 6 ಡೆಸಿಬೆಲ್‌ವರೆಗೆ ಏರಬಹುದಾದ್ದರಿಂದ ಅದನ್ನು ರಿಸೀವರ್‌ನಲ್ಲಿ ಇಳಿಸಬೇಕು. ಅಲ್ಲಿ ಇಳಿಸಲು ಜಾಗವಿಲ್ಲದಿದ್ದರೆ ಎರಡೂ ಸಬ್‌ವೂಫರ್‌ಗಳ ಗೇನ್ (ಮಟ್ಟ ಹೊಂದಿಸುವ) ನಾಬ್‌ಗಳನ್ನು ಸಮಪ್ರಮಾಣದಲ್ಲಿ ತಗ್ಗಿಸಬೇಕು. ಫೇಸ್ ನೋಡಲು 50 ಹರ್ಟ್ಸ್ ಟೋನ್ ಹಾಕಿ, ಹಿಂದಿನದರ ಸ್ವಿಚ್ಚನ್ನು 0 ಮತ್ತು 180ರ ನಡುವೆ ಬದಲಾಯಿಸಿ, ಜೋರಾಗಿ ಕೇಳಿದ ಸ್ಥಾನದಲ್ಲಿ ಬಿಟ್ಟೆ. ರಿಸೀವರ್‌ನ ಮೈಕ್ ಇಟ್ಟು ಆಟೋ ಕ್ಯಾಲಿಬ್ರೇಶನ್ (ರಿಸೀವರ್ ತಾನೇ ಅಳೆದು ಹೊಂದಿಸಿಕೊಳ್ಳುವುದು) ಮಾಡಿದ್ದು ಇದೆಲ್ಲ ಮುಗಿದ ಮೇಲೆ.

ಈಗ 34 ಹರ್ಟ್ಸ್‌ನ ಏರುಪೇರು ಬಹಳ ಕಡಿಮೆಯಾಗಿದೆ. 68 ಹರ್ಟ್ಸ್ ಹತ್ತಿರದ ಉಬ್ಬು ಮಾತ್ರ ಹಾಗೆಯೇ ಉಳಿದಿದೆ, ಏಕೆಂದರೆ ಉದ್ದದ ಎರಡನೆಯ ತರಂಗವನ್ನು ಈ ಜೋಡಣೆ ತಡೆಯುವುದಿಲ್ಲ. ಅದು ಬೆಂಚಿನಲ್ಲೂ ಸೋಫಾದಲ್ಲೂ ಹೆಚ್ಚುಕಡಿಮೆ ಒಂದೇ ತೆರನಾಗಿರುವುದರಿಂದ ಈಕ್ವಲೈಸರ್‌ನಲ್ಲಿ ಇಳಿಸಿಬಿಟ್ಟಿದ್ದೇನೆ.